ಸ್ಕ್ಯಾನ್ ಚಿತ್ರವನ್ನು ನಂಬುವ ಮೊದಲು ಕಲಿಯಬೇಕಾದದ್ದು

1955ರಲ್ಲಿ ಕೇಪ್‌ಟೌನ್‌ನ ಗ್ರೂಟ್ ಸ್ಕೂರ್ ಆಸ್ಪತ್ರೆಯ ಭೌತವಿಜ್ಞಾನಿ ಕೆಲಸ ಬಿಟ್ಟರು. ವಿಕಿರಣಶೀಲ ಐಸೊಟೋಪುಗಳ ಬಳಕೆಯನ್ನು ಅರ್ಹ ಭೌತವಿಜ್ಞಾನಿಯೊಬ್ಬರು ನೋಡಿಕೊಳ್ಳಲೇಬೇಕು ಎಂಬುದು ದಕ್ಷಿಣ ಆಫ್ರಿಕಾದ ಕಾನೂನು. ಹಾಗಾಗಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿಕೊಂಡಿದ್ದ ಅಲನ್ ಕಾರ್ಮಾಕ್ ವಾರಕ್ಕೆ ಒಂದೂವರೆ ದಿನ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಒಪ್ಪಿಕೊಂಡರು. ಕ್ಯಾನ್ಸರ್ ರೋಗಿಗಳ ವಿಕಿರಣ ಚಿಕಿತ್ಸೆಗೆ ಅಲ್ಲಿ ಲೆಕ್ಕ ಹಾಕುತ್ತಿದ್ದ ರೀತಿಯಲ್ಲಿ ಅವರಿಗೊಂದು ಕೊರತೆ ಕಂಡಿತು. ದೇಹವೆಲ್ಲ ಒಂದೇ ಬಗೆಯ ವಸ್ತು ಎಂದುಕೊಂಡು ಲೆಕ್ಕ ನಡೆಯುತ್ತಿತ್ತು. ಆದರೆ ಎಲುಬು ಹೀರುವಷ್ಟು ಕಿರಣವನ್ನು ಶ್ವಾಸಕೋಶ ಹೀರುವುದಿಲ್ಲ. ದೇಹದೊಳಗೆ ಎಲ್ಲೆಲ್ಲಿ ಎಷ್ಟು ಹೀರಿಕೆಯಿದೆ ಎಂಬುದನ್ನು ಹೊರಗಿನಿಂದ ಮಾಡಿದ ಅಳತೆಗಳಿಂದಲೇ ಕಂಡುಹಿಡಿಯಬಹುದೇ?

1957ರಲ್ಲಿ ಅವರು ಮಾಡಿದ ಪ್ರಯೋಗ ತೀರಾ ಸರಳವಾಗಿತ್ತು. ಮರದ ಉಂಗುರದ ನಡುವೆ ಅಲ್ಯೂಮಿನಿಯಂ ಸಿಲಿಂಡರ್ ಕೂರಿಸಿ, ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸಿ, ಒಂದೊಂದು ಗೆರೆಯಲ್ಲೂ ಎಷ್ಟು ಕಿರಣ ಆಚೆಗೆ ಬಂತೆಂದು ಎಣಿಸಿದರು. ಲೆಕ್ಕ ಹೊಂದಿತು. ಆದರೆ ಗ್ರಾಫಿನಲ್ಲಿ ನಟ್ಟನಡುವಿನ ಮೂರು ಬಿಂದುಗಳು ಲೋಹದ ಉಳಿದ ಬಿಂದುಗಳ ಸಾಲಿಗೆ ಸೇರದೆ ಸ್ವಲ್ಪ ಓರೆಯಾಗಿ ನಿಂತವು. ವರ್ಕ್‌ಶಾಪಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಆ ಸಿಲಿಂಡರಿನ ಒಳಗೆ ಸ್ವಲ್ಪ ಕಡಿಮೆ ಹೀರುವ ಒಂದು ಗೂಟ ಇತ್ತು. ಪ್ರಯೋಗ ಮಾಡಿದವರಿಗೇ ತಿಳಿಯದ ಸಂಗತಿಯನ್ನು ಅಳತೆ ಹೊರಗೆ ತಂದಿತ್ತು. 1979ರಲ್ಲಿ ಕಾರ್ಮಾಕ್, ಸಿಟಿ ಸ್ಕ್ಯಾನರನ್ನು ಕಟ್ಟಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರೊಂದಿಗೆ ವೈದ್ಯಕೀಯ ನೊಬೆಲ್ ಹಂಚಿಕೊಂಡರು.

ಆ ಗೂಟವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇವತ್ತು ವೈದ್ಯಕೀಯ ಚಿತ್ರಗಳ ಸಂಸ್ಕರಣೆಯಲ್ಲಿ ಹಿಂದೆಂದೂ ಇಲ್ಲದಷ್ಟು ಜನ ದುಡಿಯುತ್ತಿದ್ದಾರೆ, ಮತ್ತು ಅವರಲ್ಲಿ ಬಹುಪಾಲು ಜನ ಸಿದ್ಧ ಚಿತ್ರದಿಂದ ಕೆಲಸ ಶುರುಮಾಡುತ್ತಾರೆ. ಚಿತ್ರ ಎಲ್ಲಿಂದ ಬಂತು, ಅದು ಚಿತ್ರವಾಗುವ ಮೊದಲು ಏನಾಗಿತ್ತು, ದಾರಿಯಲ್ಲಿ ಯಾರು ಏನನ್ನು ಸೇರಿಸಿದರು, ಏನನ್ನು ಅಳಿಸಿದರು ಎಂಬ ಪ್ರಶ್ನೆಗಳು, ಆಸ್ಪತ್ರೆಯ ಕಿರಣ ಮತ್ತು ಸ್ಕ್ಯಾನ್ ಯಂತ್ರಗಳ ಭೌತವಿಜ್ಞಾನವಾದ ಮೆಡಿಕಲ್ ಫಿಸಿಕ್ಸ್‌ನವರ ಪಾಲಿನವು. ಈ ಪ್ರಶ್ನೆಗಳನ್ನು ಕೇಳಲು ನಾವು ವಿದ್ಯಾರ್ಥಿಗಳಿಗೆ ಸರಿಯಾಗಿ ಕಲಿಸುತ್ತಿಲ್ಲ ಎಂಬುದು ನನ್ನ ಆತಂಕ.

ಮೊದಲು ಚಿತ್ರ ಹುಟ್ಟುವ ಬಗೆಯನ್ನು ನೋಡೋಣ. ಮೊಬೈಲ್ ಕ್ಯಾಮೆರಾ ಹಿಡಿದ ಫೋಟೊಗೂ ಸಿಟಿ ಸ್ಕ್ಯಾನ್‌ಗೂ ಇರುವ ಅಂತರ ಇಲ್ಲೇ ಇದೆ. ಎಕ್ಸ್‌ರೇ ಟ್ಯೂಬು ದೇಹದ ಸುತ್ತ ತಿರುಗುತ್ತದೆ. ಎದುರಿನ ಡಿಟೆಕ್ಟರ್ ಪ್ರತಿ ಕೋನದಲ್ಲೂ ಎಷ್ಟು ಕಿರಣ ದಾಟಿಬಂತು ಎಂಬುದನ್ನಷ್ಟೇ ದಾಖಲಿಸುತ್ತದೆ. ಆ ಸಂಖ್ಯೆಗಳನ್ನು ಸಾಲಾಗಿ ಜೋಡಿಸಿದರೆ ಕಾಣುವುದು ಒಂದರ ಮೇಲೊಂದು ಹೆಣೆದುಕೊಂಡ ಅಲೆಗಳಂಥ ನಮೂನೆ. ಅದರಲ್ಲಿ ಹೃದಯವೂ ಇಲ್ಲ, ಯಕೃತ್ತೂ ಇಲ್ಲ. ಅಲ್ಲಿಂದ ಅಡ್ಡಕೊಯ್ತದ ಚಿತ್ರವನ್ನು ಎತ್ತಿ ಹೊರತೆಗೆಯುವುದು ಗಣಿತ. ಆ ಗಣಿತದ ತಿರುಳನ್ನು ಆಸ್ಟ್ರಿಯಾದ ಯೋಹಾನ್ ರಾಡಾನ್ 1917ರಲ್ಲೇ ಬರೆದಿಟ್ಟಿದ್ದರು. ಕಾರ್ಮಾಕ್ ಅದರ ಸುಳಿವಿಲ್ಲದೆ ತಾವೇ ಮತ್ತೆ ಕಂಡುಹಿಡಿದರು.

ಈ ಮರುರಚನೆಯಲ್ಲಿ ಹೆಜ್ಜೆಹೆಜ್ಜೆಗೂ ಆಯ್ಕೆಗಳಿವೆ. ಅಂಚುಗಳನ್ನು ಚೂಪಾಗಿಸುವ ಫಿಲ್ಟರ್ ಹಾಕಿದರೆ ಎಲುಬಿನ ಬಿರುಕು ಚೆನ್ನಾಗಿ ಕಾಣುತ್ತದೆ, ಜೊತೆಗೆ ನಾಯ್ಸ್, ಅಂದರೆ ಚಿತ್ರದ ತುಂಬ ಕಾಣುವ ಬೇಡದ ಚುಕ್ಕೆಗಳು, ಕೂಡ ಏಳುತ್ತದೆ. ನಯವಾಗಿಸುವ ಫಿಲ್ಟರ್ ಹಾಕಿದರೆ ಯಕೃತ್ತಿನ ಮಸುಕು ಮಚ್ಚೆ ಕಣ್ಣಿಗೆ ಬೀಳಬಹುದು, ಆದರೆ ಸಣ್ಣ ವಿವರಗಳು ಕರಗುತ್ತವೆ. ಒಬ್ಬ ರೋಗಿ, ಒಂದೇ ಸ್ಕ್ಯಾನ್, ಎರಡು ಚಿತ್ರ. ಕೊನೆಗೆ ಸಿಗುವ ಸಂಖ್ಯೆಗಳನ್ನು ಹೌನ್ಸ್‌ಫೀಲ್ಡ್ ಮಾಪಕದಲ್ಲಿ ಬರೆಯುತ್ತಾರೆ. ನೀರು 0, ಗಾಳಿ −1000, ಕೊಬ್ಬು ಸುಮಾರು −100. ಸಾಮಾನ್ಯವಾಗಿ 4096 ಹಂತಗಳಲ್ಲಿ ಉಳಿಸಿಟ್ಟ ಈ ಸಂಖ್ಯೆಗಳನ್ನೆಲ್ಲ ಒಮ್ಮೆಲೇ ಪರದೆಯ ಬೂದು ಛಾಯೆಗಳಿಗೆ ಇಳಿಸಿದರೆ ಹತ್ತಿರದ ಅಂಗಾಂಶಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಸಿಗುವುದೇ ಇಲ್ಲ. ಅದಕ್ಕೇ ವಿಂಡೋ, ಅಂದರೆ ಪರದೆಯ ಮೇಲೆ ತೋರಿಸುವ ಸಂಖ್ಯೆಗಳ ವ್ಯಾಪ್ತಿ, ಬದಲಿಸುವುದು. ಮೆದುಳನ್ನು ನೋಡಲು 40ರ ಸುತ್ತ 80 ಅಂಕಗಳ ಕಿರಿದಾದ ವಿಂಡೋ, ಶ್ವಾಸಕೋಶಕ್ಕೆ −600ರ ಸುತ್ತ 1500 ಅಂಕಗಳ ಅಗಲ ವಿಂಡೋ. ಎದೆಯ ಸ್ಕ್ಯಾನನ್ನು ಒಂದು ವಿಂಡೋದಲ್ಲಿ ಉಳಿಸಿ, ಮಾಮೂಲಿ ಫೋಟೊ ಫೈಲ್ ಮಾಡಿ, ಅದನ್ನೇ, ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಮಾದ ನ್ಯೂರಲ್ ನೆಟ್‌ವರ್ಕಿಗೆ ಉಣಿಸುವ ವಿದ್ಯಾರ್ಥಿ ಎಷ್ಟು ಮಾಹಿತಿಯನ್ನು ಬಾಗಿಲಲ್ಲೇ ಚೆಲ್ಲಿ ಬಂದಿದ್ದಾನೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ನೀರಿನ 0 ಎಲ್ಲ ಯಂತ್ರಗಳಲ್ಲೂ 0 ಆಗಿರಲಿ ಎಂದು ಹೊಂದಿಸಬಹುದು, ಆದರೆ ಎಲುಬಿನ ಸಂಖ್ಯೆ ಟ್ಯೂಬಿನ ವೋಲ್ಟೇಜಿನ ಜೊತೆ ಬದಲಾಗುತ್ತದೆ. ರಕ್ತನಾಳಕ್ಕೆ ಕೊಟ್ಟ ಅಯೋಡಿನ್ ಔಷಧ ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಬೆಳ್ಳಗೆ ಕಾಣುತ್ತದೆ. ಹಲ್ಲಿಗೆ ತುಂಬಿದ ಲೋಹ ಇಡೀ ಚಿತ್ರಕ್ಕೆ ಗೆರೆ ಎಳೆಯುತ್ತದೆ. ನಾಯ್ಸ್‌ನ ಕತೆಯಂತೂ ಕಿರಣದ ಕಣಗಳಾದ ಫೋಟಾನುಗಳ ಎಣಿಕೆಗೇ ಅಂಟಿಕೊಂಡಿದೆ. ನಾಯ್ಸ್ ಅರ್ಧಕ್ಕೆ ಇಳಿಯಬೇಕಾದರೆ ವಿಕಿರಣದ ಪ್ರಮಾಣ, ಅಂದರೆ ಡೋಸ್, ನಾಲ್ಕು ಪಟ್ಟು ಬೇಕು. ಆ ಬೆಲೆಯನ್ನು ರೋಗಿಯ ದೇಹ ತೆರುತ್ತದೆ. ಎಂಆರ್‌ಐನಲ್ಲಿ ಡೋಸ್ ಇಲ್ಲ, ಬೆಲೆ ಸಮಯದ ರೂಪದಲ್ಲಿದೆ. ನೋವಿನಿಂದ ನರಳುವ ಮನುಷ್ಯ ಆ ಕಿರಿದಾದ ಕೊಳವೆಯಲ್ಲಿ ಅಲುಗಾಡದೆ ಮಲಗಬೇಕಾದ ಸಮಯ.

ಈ ಬೆಲೆಯನ್ನು ತಗ್ಗಿಸುತ್ತೇವೆ ಎಂಬ ಭರವಸೆ ಹೊತ್ತೇ ಹೊಸ ತಂತ್ರಗಳು ಬಂದವು. ಭರವಸೆ ಸುಳ್ಳೂ ಅಲ್ಲ. ಎಂಆರ್‌ಐ ಸಂಕೇತಗಳನ್ನು ಪೂರ್ತಿ ಅಳೆಯದೆ ಕೆಲವನ್ನಷ್ಟೇ ಆಯ್ದು ಅಳೆದರೂ ಚಿತ್ರ ಕಟ್ಟಬಹುದೆಂದು 2007ರಲ್ಲಿ ಲಸ್ಟಿಗ್, ಡೊನೊಹೊ ಮತ್ತು ಪಾಲಿ ತೋರಿಸಿದರು. 2018ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಸೇರಿ ಫಾಸ್ಟ್‌ಎಂಆರ್‌ಐ ಯೋಜನೆಯಲ್ಲಿ ಕಚ್ಚಾ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟವು. ಅದೇ ಯೋಜನೆಯಿಂದ 2020ರಲ್ಲಿ ಬಂದ ಮೊಣಕಾಲಿನ ಅಧ್ಯಯನವೊಂದರಲ್ಲಿ, ಕಾಲುಭಾಗ ಅಳತೆಯಿಂದ ಕಟ್ಟಿದ ಚಿತ್ರಗಳನ್ನು ಓದಿದಾಗಲೂ ರೇಡಿಯಾಲಜಿಸ್ಟರ ತೀರ್ಮಾನಗಳು ಎಂದಿನ ಸ್ಕ್ಯಾನಿನ ತೀರ್ಮಾನಗಳಿಗೆ ಸರಿದೂಗಿದವು. ಸಿಟಿಯಲ್ಲಿ ನ್ಯೂರಲ್ ನೆಟ್‌ವರ್ಕ್ ಆಧರಿಸಿದ ಮರುರಚನೆಗೆ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಅನುಮತಿ ಕೊಟ್ಟಿತು. ಕಡಿಮೆ ಡೋಸಿನಲ್ಲಿ ಒಂದು ಮಗುವಿನ ಸ್ಕ್ಯಾನ್ ಮುಗಿಯುವುದಾದರೆ ಅದನ್ನು ಬೇಡ ಎನ್ನುವವರು ಯಾರೂ ಇರಲಾರರು, ನಾನಂತೂ ಅನ್ನಲಾರೆ.

ಆದರೆ ಅಳೆಯದೇ ಬಿಟ್ಟ ಭಾಗ ಎಲ್ಲಿಂದ ಬರುತ್ತದೆ? ಹಳೆಯ ವಿಧಾನಗಳು ಒಂದು ಸರಳ ಊಹೆ ಇಟ್ಟುಕೊಂಡಿದ್ದವು, ಅಕ್ಕಪಕ್ಕದ ಬಿಂದುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ ಎಂದು. ಆ ಊಹೆ ತಪ್ಪಿದಾಗ ಚಿತ್ರ ಕಲಸಿದಂತೆ, ಮೇಣ ಹಚ್ಚಿದಂತೆ ಕಾಣುತ್ತದೆ. ನೋಡಿದವರಿಗೆ ಅನುಮಾನ ಬರುತ್ತದೆ. ತರಬೇತಿ ಪಡೆದ ನೆಟ್‌ವರ್ಕಿನ ಊಹೆ ಬೇರೆ ಬಗೆಯದು: ಹಿಂದೆ ನೋಡಿದ ಸಾವಿರಾರು ದೇಹಗಳಂತೆಯೇ ಇದೂ ಇರುತ್ತದೆ. ಇದು ತಪ್ಪಿದಾಗ ಸಿಗುವ ಚಿತ್ರ ಅಚ್ಚುಕಟ್ಟಾಗಿಯೇ ಇರುತ್ತದೆ, ನಂಬುವಂತೆಯೇ ಇರುತ್ತದೆ. ಕಾರ್ಮಾಕ್‌ರ ಮೂರು ಬಿಂದುಗಳನ್ನು, ಒಂದೇ ಲೋಹದ ಸಾವಿರಾರು ಸಿಲಿಂಡರುಗಳನ್ನಷ್ಟೇ ಕಂಡ ನೆಟ್‌ವರ್ಕಿಗೆ ಕೊಟ್ಟರೆ ಅದು ಒಂದೇ ಲೋಹದ ಅಂದವಾದ ಸಿಲಿಂಡರನ್ನು ತೋರಿಸುವ ಸಂಭವವೇ ಹೆಚ್ಚು. ಗೂಟ ಮಾಯ. ಗೂಟದ ಜಾಗದಲ್ಲಿ ಮೂರು ಮಿಲಿಮೀಟರಿನ ಗೆಡ್ಡೆಯನ್ನು ಇಟ್ಟುಕೊಂಡು ಯೋಚಿಸಿ.

ಇದು ಬರಿಯ ಭಯವಲ್ಲ. ವೇಗಾರ್ಡ್ ಆಂಟುನ್, ಆಂಡರ್ಸ್ ಹ್ಯಾನ್ಸೆನ್ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇಂಥ ನೆಟ್‌ವರ್ಕುಗಳನ್ನು ಕೆಣಕಿ ನೋಡಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆ ಕೆಲವು ಚಿತ್ರಗಳನ್ನು ಪೂರ್ತಿ ಕೆಡಿಸಿತು. ಬೇಕೆಂದೇ ಸೇರಿಸಿದ ಸಣ್ಣ ರಚನೆಗಳು ಕೆಲವೆಡೆ ಅಳಿಸಿಹೋದವು. ನನ್ನನ್ನು ಹೆಚ್ಚು ಕಾಡಿದ್ದು ಮೂರನೆಯ ಸಂಗತಿ: ಇನ್ನೂ ಹೆಚ್ಚು ಅಳತೆಗಳನ್ನು ಒದಗಿಸಿದಾಗ ಕೆಲವು ನೆಟ್‌ವರ್ಕುಗಳ ಫಲಿತಾಂಶ ಮತ್ತಷ್ಟು ಕೆಟ್ಟಿತು. ಅಳತೆ ಹೆಚ್ಚಿದರೆ ಉತ್ತರ ಸುಧಾರಿಸಬೇಕು ಎಂಬುದು ಭೌತವಿಜ್ಞಾನದ ವಿದ್ಯಾರ್ಥಿ ಮೊದಲ ವರ್ಷ ಕಲಿಯುವ ಪಾಠ. ಆ ಪಾಠ ಕೈಕೊಟ್ಟಾಗ ಉಪಕರಣವನ್ನು ಅನುಮಾನಿಸಲು ಅವನಿಗೆ ಧೈರ್ಯ ಬರಬೇಕು. ಅದಕ್ಕೂ ಎರಡು ವರ್ಷ ಮೊದಲು, 2018ರಲ್ಲಿ, ಜೋಸೆಫ್ ಕೋಹೆನ್ ಮತ್ತು ಸಂಗಡಿಗರು ಒಂದು ಬಗೆಯ ಎಂಆರ್‌ಐ ಚಿತ್ರವನ್ನು ಇನ್ನೊಂದು ಬಗೆಗೆ ಪರಿವರ್ತಿಸುವ ನೆಟ್‌ವರ್ಕುಗಳನ್ನು ಪರೀಕ್ಷಿಸಿದ್ದರು. ತರಬೇತಿಯ ಚಿತ್ರಗಳಲ್ಲಿ ಗೆಡ್ಡೆಗಳ ಪ್ರಮಾಣ ಏರುಪೇರಾಗಿದ್ದರೆ ಅವು ಇಲ್ಲದ ಗೆಡ್ಡೆಯನ್ನು ಬರೆದವು, ಇದ್ದ ಗೆಡ್ಡೆಯನ್ನು ಒರೆಸಿದವು.

ಚಿತ್ರ ಕಟ್ಟುವುದು ಒಂದು ಕಡೆಯಾದರೆ, ಕಟ್ಟಿದ ಚಿತ್ರದಿಂದ ರೋಗ ಹುಡುಕುವುದು ಇನ್ನೊಂದು ಕಡೆ. ಇಲ್ಲಿಯ ತಪ್ಪುಗಳು ಹೆಚ್ಚು ಹೆಸರುವಾಸಿ. ಜಾನ್ ಜೆಕ್ ಮತ್ತು ಸಂಗಡಿಗರು 2018ರಲ್ಲಿ ನ್ಯುಮೋನಿಯಾ ಪತ್ತೆಮಾಡುವ ನೆಟ್‌ವರ್ಕೊಂದನ್ನು ಬೇರೆ ಬೇರೆ ಆಸ್ಪತ್ರೆಗಳ ಎದೆ ಎಕ್ಸ್‌ರೇಗಳ ಮೇಲೆ ಓಡಿಸಿದಾಗ, ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನು ಅದು ಹೆಚ್ಚುಕಡಿಮೆ ತಪ್ಪಿಲ್ಲದೆ ಗುರುತಿಸಬಲ್ಲದೆಂದು ಕಂಡುಬಂತು. ಎಡ-ಬಲ ತೋರಿಸಲು ಮೂಲೆಯಲ್ಲಿಡುವ ಲೋಹದ ಅಕ್ಷರದಂಥ ಗುರುತುಗಳೂ ಅದಕ್ಕೆ ಸುಳಿವಾಗಿದ್ದವು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಪ್ರಮಾಣ ಬಹಳ ಹೆಚ್ಚಿದ್ದರೆ ಆಸ್ಪತ್ರೆಯನ್ನು ಊಹಿಸಿದರೂ ಅರ್ಧ ಪರೀಕ್ಷೆ ಪಾಸಾದಂತೆಯೇ. ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಗಾಳಿ ತುಂಬುವ ನ್ಯುಮೊಥೊರ್‍ಯಾಕ್ಸ್ ವಿಷಯದಲ್ಲೂ ಹೀಗೇ. ಬಹಳ ಜನ ಬಳಸುವ ಸಾರ್ವಜನಿಕ ಸಂಗ್ರಹವೊಂದರಲ್ಲಿ ಆ ರೋಗದ ಎಷ್ಟೋ ಚಿತ್ರಗಳು ಆಗಲೇ ಎದೆಗೆ ಕೊಳವೆ ಹಾಕಿ ಚಿಕಿತ್ಸೆ ಕೊಟ್ಟವರದು ಎಂದು ರೇಡಿಯಾಲಜಿಸ್ಟ್ ಲ್ಯೂಕ್ ಓಕ್ಡನ್-ರೇನರ್ ತೋರಿಸಿದರು. ಕೊಳವೆಯನ್ನು ಗುರುತಿಸಲು ಕಲಿತ ಯಂತ್ರ, ಕೊಳವೆ ಇನ್ನೂ ಹಾಕದ ರೋಗಿಯ ವಿಷಯದಲ್ಲಿ ಸೋಲುತ್ತದೆ. ಪತ್ತೆಯ ಅಗತ್ಯ ಇರುವುದು ಆ ರೋಗಿಗೇ.

ಕೋವಿಡ್ ಕಾಲದಲ್ಲಿ ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. ಎದೆಯ ಎಕ್ಸ್‌ರೇ ಮತ್ತು ಸಿಟಿಯಿಂದ ಕೋವಿಡ್ ಗುರುತಿಸುತ್ತೇವೆಂದ ಪ್ರಬಂಧಗಳ ರಾಶಿಯಿಂದ ಗುಣಮಟ್ಟದ ಜರಡಿ ದಾಟಿದ 62ನ್ನು ಮೈಕೆಲ್ ರಾಬರ್ಟ್ಸ್ ಮತ್ತು ಸಂಗಡಿಗರು ಪರಿಶೀಲಿಸಿ 2021ರಲ್ಲಿ ವರದಿ ಕೊಟ್ಟರು. ಚಿಕಿತ್ಸೆಯಲ್ಲಿ ಬಳಸಬಹುದಾದದ್ದು ಒಂದೂ ಇರಲಿಲ್ಲ. ಕೆಲವು ಪ್ರಬಂಧಗಳು ಕೋವಿಡ್ ಇಲ್ಲದವರ ಮಾದರಿ ಎಂದು ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್‌ರೇಗಳನ್ನು ಬಳಸಿದ್ದವು, ಕೋವಿಡ್ ಚಿತ್ರಗಳು ದೊಡ್ಡವರದು. ಯಂತ್ರ ಕಲಿತದ್ದು ಮಗುವಿನ ಎದೆಗೂ ವಯಸ್ಕರ ಎದೆಗೂ ಇರುವ ವ್ಯತ್ಯಾಸವನ್ನು. ಮಗುವಿನ ಎದೆಯ ಅಳತೆ, ಮಲಗಿದ ರೋಗಿಯ ಬಳಿಗೇ ಒಯ್ದ ಪೋರ್ಟಬಲ್ ಯಂತ್ರದ ಚಿತ್ರದಲ್ಲಿ ಹೃದಯ ದೊಡ್ಡದಾಗಿ ಕಾಣುವುದು, ಡಿಟೆಕ್ಟರಿನ ಬಗೆ, ಚದುರಿದ ಕಿರಣವನ್ನು ತಡೆಯುವ ಗ್ರಿಡ್ ಇದೆಯೋ ಇಲ್ಲವೋ ಎಂಬುದು: ಇವೆಲ್ಲ ಮೆಡಿಕಲ್ ಫಿಸಿಕ್ಸ್‌ನ ದಿನನಿತ್ಯದ ಮಾತುಕತೆ. ಆ ಮಾತು ಬಲ್ಲ ಒಬ್ಬರು ಮೊದಲ ದಿನ ಚಿತ್ರಗಳ ರಾಶಿಯನ್ನು ಕಣ್ಣಾಡಿಸಿದ್ದರೂ ಎಷ್ಟೋ ತಿಂಗಳ ದುಡಿಮೆ ಉಳಿಯುತ್ತಿತ್ತು.

ಗೆಡ್ಡೆಯ ಚಿತ್ರದಿಂದ ನೂರಾರು ಸಂಖ್ಯೆಗಳನ್ನು ತೆಗೆದು ರೋಗಿಯ ಭವಿಷ್ಯ ಹೇಳುವ ರೇಡಿಯೋಮಿಕ್ಸ್‌ಗೂ ಇಂಥ ಪೆಟ್ಟು ಬಿದ್ದಿದೆ. ಹೆಸರಾಂತ ಸೂತ್ರವೊಂದನ್ನು 2019ರಲ್ಲಿ ಮತ್ತೆ ಪರೀಕ್ಷಿಸಿದವರು ಗೆಡ್ಡೆಯೊಳಗಿನ ಪಿಕ್ಸೆಲ್ ಮೌಲ್ಯಗಳನ್ನು ಮನಬಂದಂತೆ ಕಲಸಿಹಾಕಿದರು. ಭವಿಷ್ಯವಾಣಿ ಬದಲಾಗಲೇ ಇಲ್ಲ. ಅಷ್ಟೆಲ್ಲ ಲೆಕ್ಕದ ಹಿಂದೆ ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಗೆಡ್ಡೆಯ ಗಾತ್ರ.

ಪಾಠದ ಕೋಣೆಗೆ ಬರೋಣ. ಬಹಳಷ್ಟು ಕೋರ್ಸುಗಳಲ್ಲಿ ಇಮೇಜಿಂಗ್ ಫಿಸಿಕ್ಸ್ ಒಂದು ವಿಷಯ, ಇಮೇಜ್ ಪ್ರೊಸೆಸಿಂಗ್ ಮತ್ತೊಂದು. ಮೊದಲನೆಯದರಲ್ಲಿ ಟ್ಯೂಬು, ಡಿಟೆಕ್ಟರ್, ಡೋಸ್. ಎರಡನೆಯದು ಎಂಜಿನಿಯರಿಂಗ್ ಕಡೆಯಿಂದ ಬಂದದ್ದರಿಂದ ಅದರಲ್ಲಿ ಸಾಮಾನ್ಯ ಫೋಟೊಗಳ ಮೇಲೆ ಅಂಚು ಹುಡುಕುವುದು, ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ಹಿಸ್ಟೊಗ್ರಾಂ ಸರಿಪಡಿಸುವುದು. ಎರಡನ್ನೂ ಪಾಸು ಮಾಡಿದ ವಿದ್ಯಾರ್ಥಿಗೆ ಒಂದರ ನಾಯ್ಸ್ ಇನ್ನೊಂದರ ಫಿಲ್ಟರಿನೊಳಗೆ ಏನಾಗುತ್ತದೆ ಎಂದು ಯಾರೂ ಹೇಳಿರುವುದಿಲ್ಲ. ಅದರ ಮೇಲೆ ಈಗ ಮೂರನೆಯ ಪದರ ಬಂದಿದೆ: ನಾಲ್ಕು ಸಾಲು ಕೋಡ್ ಬರೆದರೆ ತಯಾರಾಗುವ ನೆಟ್‌ವರ್ಕ್. ಫ್ರೈಬುರ್ಗ್‌ನ ಗುಂಪೊಂದು 2015ರಲ್ಲಿ ಪ್ರಕಟಿಸಿದ ಯು-ನೆಟ್ ನಿಜಕ್ಕೂ ಅದ್ಭುತ ಸಾಧನ, ಅಂಗಗಳ ಗಡಿ ಬಿಡಿಸುವ ಕೆಲಸವನ್ನು ಅದು ಬದಲಿಸಿಬಿಟ್ಟಿತು. ಆದರೆ ಅದನ್ನು ಓಡಿಸುವುದು ಸುಲಭವಾದಷ್ಟೂ ಅದು ಏನು ನೋಡುತ್ತಿದೆ ಎಂದು ಕೇಳುವವರು ಕಡಿಮೆಯಾಗುತ್ತಿದ್ದಾರೆ.

ಅಳೆಯುವ ಕೋಲಿನ ಬಗ್ಗೆಯೂ ಕಲಿಸಬೇಕು. ಸಂಶೋಧನಾ ಪ್ರಬಂಧಗಳಲ್ಲಿ ಎರಡು ಚಿತ್ರಗಳ ನಡುವಿನ ಸರಾಸರಿ ದೋಷ ಕಡಿಮೆಯಾಯಿತೆಂದು ಸಂತೋಷಪಡುವುದು ರೂಢಿ. ಲೆಕ್ಕ ಹಾಕಿ ನೋಡಿ. ಸಿಟಿ ಚಿತ್ರದಲ್ಲಿ 512 × 512, ಅಂದರೆ 2,62,144 ಪಿಕ್ಸೆಲ್. ಐದು ಪಿಕ್ಸೆಲ್ ಅಗಲ, ಐದು ಪಿಕ್ಸೆಲ್ ಉದ್ದದ ಒಂದು ಮಚ್ಚೆ ಪೂರ್ತಿ ಅಳಿಸಿಹೋದರೂ ಕೆಡುವುದು 25 ಪಿಕ್ಸೆಲ್, ಹತ್ತು ಸಾವಿರಕ್ಕೆ ಒಂದರಷ್ಟು. ಸರಾಸರಿಗೆ ಅದು ತಟ್ಟುವುದೇ ಇಲ್ಲ. ರೋಗಿಯ ಪಾಲಿಗೆ ಆ ಸ್ಕ್ಯಾನಿನಲ್ಲಿ ಮುಖ್ಯವಾಗಿದ್ದದ್ದು ಆ 25 ಪಿಕ್ಸೆಲ್. ಹಾಗಾಗಿ ಚಿತ್ರ ಚೆನ್ನಾಗಿದೆಯೇ ಎಂದು ಕೇಳುವುದಕ್ಕಿಂತ, ಈ ಚಿತ್ರದಿಂದ ಈ ಕೆಲಸ ಆಗುತ್ತದೆಯೇ ಎಂದು ಕೇಳಬೇಕು. ಟಿವಿ ಕ್ಯಾಮೆರಾಗಳ ಮೇಲೆ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ರೋಸ್ 1940ರ ದಶಕದಲ್ಲೇ ಈ ದಾರಿ ತೋರಿಸಿದ್ದರು. ಒಂದು ವಸ್ತುವನ್ನು ಕಣ್ಣು ಖಚಿತವಾಗಿ ಗುರುತಿಸಬೇಕಾದರೆ ಸಂಕೇತ ನಾಯ್ಸ್‌ಗಿಂತ ಸುಮಾರು ಐದು ಪಟ್ಟು ಇರಬೇಕು ಎಂದರು. ಆ ಮಾತು ಫೋಟಾನುಗಳನ್ನು ಎಣಿಸುವ ಎಲ್ಲ ಚಿತ್ರಗಳಿಗೂ ಆಧಾರ. ನೆಟ್‌ವರ್ಕ್ ನಾಯ್ಸನ್ನು ತೊಳೆದುಕೊಟ್ಟಾಗ ರೋಸ್‌ರ ಅನುಪಾತ ಕಾಗದದ ಮೇಲೆ ಸುಧಾರಿಸಿದಂತೆ ಕಾಣುತ್ತದೆ, ಆದರೆ ಅಳೆದ ಫೋಟಾನುಗಳ ಸಂಖ್ಯೆ ಹೆಚ್ಚಿರುವುದಿಲ್ಲ. ಈ ಒಂದು ವಾಕ್ಯದ ಅರ್ಥ ಪೂರ್ತಿ ಇಳಿಯಲು ವಿದ್ಯಾರ್ಥಿಗೆ ಒಂದು ಸೆಮಿಸ್ಟರ್ ಬೇಕಾದರೂ ಕೊಡಬೇಕು.

ಪಠ್ಯದಲ್ಲಿ ಜಾಗ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೆಡಿಕಲ್ ಫಿಸಿಕ್ಸ್ ಓದುವವರಿಗೆ ವಿಕಿರಣ ಚಿಕಿತ್ಸೆ, ವಿಕಿರಣ ಸುರಕ್ಷತೆ, ನ್ಯೂಕ್ಲಿಯರ್ ಮೆಡಿಸಿನ್, ಅಂಗರಚನೆ ಎಲ್ಲವೂ ಇದೆ. ನನ್ನ ತೀರ್ಪು ಇಷ್ಟು: ಫಿಲ್ಮ್ ತೊಳೆಯುವ ರಸಾಯನದ ಪಾಠಕ್ಕೆ ಇನ್ನು ಒಂದು ಗಂಟೆಗಿಂತ ಹೆಚ್ಚು ಬೇಡ. ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಫೂರಿಯೇ ವಿಶ್ಲೇಷಣೆ ಇವುಗಳನ್ನು ಮುಟ್ಟಬಾರದು, ಬೆಳೆಸಬೇಕು. ಮತ್ತು ಪ್ರತಿ ವಿದ್ಯಾರ್ಥಿಯೂ ಜೀವನದಲ್ಲಿ ಒಮ್ಮೆಯಾದರೂ ಸಿಟಿ ಮರುರಚನೆಯ ಕೋಡನ್ನು ತನ್ನ ಕೈಯಾರೆ ಬರೆಯಬೇಕು. ಒಂದು ಪುಟದ ಕೆಲಸ ಅದು. ತಲೆಯ ಅಡ್ಡಕೊಯ್ತವನ್ನು ಹೋಲುವ ಅಂಡಾಕಾರಗಳ ಮಾದರಿಯೊಂದನ್ನು ಶೆಪ್ ಮತ್ತು ಲೋಗನ್ 1974ರಲ್ಲೇ ಕೊಟ್ಟಿದ್ದಾರೆ. ಅದರ ಮೇಲೆ ಅಳತೆಯ ಕೋನಗಳ ಸಂಖ್ಯೆಯನ್ನು 180ರಿಂದ 20ಕ್ಕೆ ಇಳಿಸಿ ಗೆರೆಗಳು ಏಳುವುದನ್ನು ಕಂಡವರು ಮತ್ತೆಂದೂ ಸ್ಕ್ಯಾನ್ ಚಿತ್ರವನ್ನು ಫೋಟೊ ಎಂದುಕೊಳ್ಳುವುದಿಲ್ಲ. ಎಂಆರ್‌ಐನ ಕಚ್ಚಾ ದತ್ತಾಂಶದಲ್ಲಿ ನಡುಭಾಗವನ್ನು ಅಳಿಸಿದರೆ ಅಂಚುಗಳಷ್ಟೇ ಉಳಿಯುತ್ತವೆ, ಅಂಚಿನ ಭಾಗವನ್ನು ಅಳಿಸಿದರೆ ಚಿತ್ರ ಮಸುಕಾಗುತ್ತದೆ. ಹತ್ತು ನಿಮಿಷದ ಈ ಆಟ ಕರಿಹಲಗೆಯ ಮೇಲಿನ ಹತ್ತು ಸೂತ್ರಗಳಿಗಿಂತ ಆಳಕ್ಕೆ ಇಳಿಯುತ್ತದೆ.

ಅಡ್ಡಿಯೊಂದಿದೆ. ಸ್ಕ್ಯಾನರುಗಳ ಕಚ್ಚಾ ದತ್ತಾಂಶ ಸಾಮಾನ್ಯವಾಗಿ ತಯಾರಕರ ಬೀಗದೊಳಗೆ ಇರುತ್ತದೆ. ಆಸ್ಪತ್ರೆಗೆ ಸಿಗುವುದು ಡೈಕಾಮ್ ಎಂಬ ವೈದ್ಯಕೀಯ ಫೈಲ್ ರೂಪದ ಸಿದ್ಧ ಚಿತ್ರ. ಹಾಗಿದ್ದರೂ ದಾರಿ ಮುಚ್ಚಿಲ್ಲ. ಕಡಿಮೆ ಡೋಸ್ ಸಿಟಿಯ ಬಗ್ಗೆ ಅಮೆರಿಕದ ಮೆಡಿಕಲ್ ಫಿಸಿಕ್ಸ್ ಸಂಘ ಮತ್ತು ಮೇಯೊ ಕ್ಲಿನಿಕ್ 2016ರಲ್ಲಿ ನಡೆಸಿದ ಸ್ಪರ್ಧೆಯಂಥ ಪ್ರಯತ್ನಗಳು ಪ್ರೊಜೆಕ್ಷನ್ ದತ್ತಾಂಶವನ್ನು, ಅಂದರೆ ಡಿಟೆಕ್ಟರ್ ದಾಖಲಿಸಿದ ಸಂಖ್ಯೆಗಳನ್ನು, ಸಂಶೋಧಕರ ಕೈಗೆ ಕೊಟ್ಟವು. ಇಮೇಜ್‌ಜೆ, 3ಡಿ ಸ್ಲೈಸರ್ ಎಂಬ ಚಿತ್ರ ಸಂಸ್ಕರಣೆಯ ಸಾಧನಗಳು ಉಚಿತ. ಡೈಕಾಮ್ ಫೈಲಿನ ತಲೆಬರಹ ಓದುವ ಅಭ್ಯಾಸ ಮಾಡಿಸಲು ದುಡ್ಡೇ ಬೇಡ: ಯಾವ ಯಂತ್ರ, ಎಷ್ಟು ವೋಲ್ಟೇಜ್, ಯಾವ ಫಿಲ್ಟರ್, ಪದರದ ದಪ್ಪ ಎಷ್ಟು. ಇಷ್ಟನ್ನು ಒಂದು ಕೋಷ್ಟಕದಲ್ಲಿ ಬರೆಯದೆ ಯಾವ ವಿದ್ಯಾರ್ಥಿಗೂ ನೆಟ್‌ವರ್ಕ್ ತರಬೇತಿಗೆ ಅನುಮತಿ ಕೊಡಬಾರದು ಎಂಬಷ್ಟು ಗಟ್ಟಿ ಅಭಿಪ್ರಾಯ ನನ್ನದು.

ಆಸ್ಪತ್ರೆಯೊಳಗೆ ಈ ಕಲಿಕೆಗೆ ನೇರ ಕೆಲಸವಿದೆ. ಹೊಸ ಯಂತ್ರ ಬಂದಾಗ ಫ್ಯಾಂಟಮ್, ಅಂದರೆ ರೋಗಿಯ ಬದಲು ಇಡುವ ಪರೀಕ್ಷಾ ವಸ್ತು, ಇಟ್ಟು ಪರೀಕ್ಷಿಸುವುದು ಮೆಡಿಕಲ್ ಫಿಸಿಸಿಸ್ಟರಿಗೆ ಹೊಸದಲ್ಲ. ಆದರೆ ಈಗ ಯಂತ್ರ ಹಾಗೇ ಇದ್ದು ಸಾಫ್ಟ್‌ವೇರ್ ಮಾತ್ರ ಬದಲಾಗುತ್ತದೆ. ನಯವಾದ ಪ್ಲಾಸ್ಟಿಕ್ ಉರುಳೆಯ ಫ್ಯಾಂಟಮ್ ಇಂಥ ಮರುರಚನೆಯ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಹೆಚ್ಚು ಕಾಂಟ್ರಾಸ್ಟ್ ಇರುವಲ್ಲಿ ಚೂಪಾಗಿ, ಕಡಿಮೆ ಇರುವಲ್ಲಿ ಮೊಂಡಾಗಿ ಅದು ವರ್ತಿಸಬಹುದು. ಹಾಗಾಗಿ ರೆಸಲ್ಯೂಶನ್ನಿಗೆ ಒಂದೇ ಸಂಖ್ಯೆ ಹೇಳಿ ಕೈತೊಳೆದುಕೊಳ್ಳುವ ಕಾಲ ಮುಗಿಯಿತು. ಎರಡು ಸ್ಕ್ಯಾನುಗಳನ್ನು ಒಂದರ ಮೇಲೊಂದು ಹೊಂದಿಸುವ ಸಾಫ್ಟ್‌ವೇರನ್ನು ಚಿಕಿತ್ಸೆಯಲ್ಲಿ ಬಳಸುವ ಮೊದಲು ಹೇಗೆ ಪರೀಕ್ಷಿಸಬೇಕೆಂದು ಅಮೆರಿಕದ ಅದೇ ಸಂಘದ 132ನೇ ಕಾರ್ಯಪಡೆ 2017ರಲ್ಲಿ ವಿವರವಾಗಿ ಬರೆಯಿತು. ಮರುರಚನೆಯ ನೆಟ್‌ವರ್ಕುಗಳಿಗೂ ಅಷ್ಟೇ ವಿವರದ, ಪ್ರತಿ ಅಪ್‌ಡೇಟ್ ಆದಾಗಲೂ ಮತ್ತೆ ಮಾಡಬೇಕಾದ ಪರೀಕ್ಷೆಗಳು ಬೇಕು. ಅದನ್ನು ಕಟ್ಟುವುದು ಒಳ್ಳೆಯ ಪಿಎಚ್‌ಡಿ ವಿಷಯ. ಇನ್ನೊಂದು ಗೆಡ್ಡೆ ಪತ್ತೆ ನೆಟ್‌ವರ್ಕಿಗಿಂತ ಎಷ್ಟೋ ಉಪಯುಕ್ತ.

ಪಾಠ ಮಾಡುವವರಿಗೆ ನಾನು ಒಂದು ಪ್ರಾಯೋಗಿಕ ಪರೀಕ್ಷೆಯನ್ನು ಸೂಚಿಸುತ್ತೇನೆ. ಫ್ಯಾಂಟಮ್ ಒಂದನ್ನು ಸ್ಕ್ಯಾನ್ ಮಾಡಿ, ವಿದ್ಯಾರ್ಥಿಗಳಿಗೆ ಎರಡು ಮರುರಚನೆಗಳನ್ನು ಕೊಡಿ, ಒಂದು ಹಳೆಯ ವಿಧಾನದ್ದು, ಇನ್ನೊಂದು ನೆಟ್‌ವರ್ಕಿನದ್ದು. ಫ್ಯಾಂಟಮ್ ಒಳಗೆ ಏನಿದೆ ಎಂಬ ನಕ್ಷೆಯನ್ನೂ ಕೊಡಿ. ಆದರೆ ಹಿಂದಿನ ಸಂಜೆ, ಯಾರಿಗೂ ಹೇಳದೆ, ಅದರ ನಡುವೆ ನಕ್ಷೆಯಲ್ಲಿಲ್ಲದ ಒಂದು ಸಣ್ಣ ಗೂಟ ಸೇರಿಸಿಡಿ. ಎರಡು ಚಿತ್ರಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಬರೆದವರಿಗೆ ಪಾಸಾಗುವಷ್ಟು ಅಂಕ ಕೊಡಿ. ಕಚ್ಚಾ ಸಂಖ್ಯೆಗಳ ಬಳಿಗೆ ವಾಪಸು ಹೋಗಿ, ನಕ್ಷೆಯನ್ನು ಬದಿಗಿಟ್ಟು, ಫ್ಯಾಂಟಮ್ ತಯಾರಿಸಿದ ವರ್ಕ್‌ಶಾಪಿಗೆ ಫೋನ್ ಮಾಡಬೇಕು ಎಂದು ಕೇಳುವ ವಿದ್ಯಾರ್ಥಿಗೆ ಉಳಿದ ಅಂಕವನ್ನೆಲ್ಲ ಕೊಡಿ.